ಭಾನುವಾರದ ಲೋಕರಕ್ಷಕರು

ಜನವರಿ 5, ಭಾನುವಾರ
ಚಳ್ಳಕೆರೆ

ಇವತ್ತು ಒಬ್ಬ ಲೋಕ ಉಳಿಸಿದ. ಹತ್ತಿರ ಹತ್ತಿರ ಮೂರು ಗಂಟೆ ತೆಗೆದುಕೊಂಡ. ಅಷ್ಟು ಹೊತ್ತಿನಲ್ಲಿ ನಾನು ನಾಲ್ಕು ಜನರ ಬಟ್ಟೆ ಒಗೆದು, ಒಣಗಿಸಿ, ಮಡಚಿ ಇಡಬಹುದಿತ್ತು.

ನನಗೆ ಈ ಜಾತಿಯ ಸಿನಿಮಾ ಹಿಡಿಸುವುದಿಲ್ಲ. ಆಶಾಳಿಗೋಸ್ಕರ ನೋಡುತ್ತೇನೆ. ನನ್ನ ಮಗಳಿಗೆ ಈಗ ಹನ್ನೆರಡು. ಅವಳು ಮೊಳಕಾಲ್ಮೂರಿನಲ್ಲಿ ಅಪ್ಪ, ಅಜ್ಜಿಯ ಜೊತೆ ಇದ್ದಾಳೆ. ನಾನು ಇಲ್ಲಿ ಎಣ್ಣೆ ಮಿಲ್ಲಿನ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಯಿತು. ಹಿರಿಯರು ಕೂತು ಮಾತಾಡಿದಾಗ ಆದ ತೀರ್ಮಾನ ಇದು: ಹುಡುಗಿ ಹೈಸ್ಕೂಲು ಮುಗಿಸುವ ತನಕ ಅಲ್ಲೇ ಇರಲಿ, ಭಾನುವಾರ ಸಂಜೆ ಆರಕ್ಕೆ ತಾಯಿ ಮಗಳು ಫೋನಿನಲ್ಲಿ ಮಾತಾಡಲಿ. ಅವಳಪ್ಪ ಆಗಾಗ ಅವಳನ್ನು ರಾಯದುರ್ಗಕ್ಕೆ ಕರೆದುಕೊಂಡು ಹೋಗಿ ಇಂಥ ಸಿನಿಮಾ ತೋರಿಸುತ್ತಾರೆ. ನಾನೂ ನೋಡಿರದಿದ್ದರೆ ನಮ್ಮ ಮಾತು ಹೀಗಿರುತ್ತದೆ: ಊಟ ಆಯ್ತಾ? ಆಯ್ತು. ಓದ್ತಿದ್ದೀಯಾ? ಹ್ಞೂಂ. ಮುಗಿಯಿತು. ಸಿನಿಮಾ ನೋಡಿದ್ದರೆ ಅರ್ಧ ಗಂಟೆ ಸಿಗುತ್ತದೆ.

ಇವತ್ತಿನವನಿಗೆ ಮುಷ್ಟಿ ಬಿಗಿದರೆ ಕೈಯಲ್ಲಿ ಬೆಂಕಿ ಬರುತ್ತದೆ. ಅವನೂ ಇನ್ನೊಬ್ಬನೂ ಹೊಡೆದಾಡಿದ ರಭಸಕ್ಕೆ ಒಂದು ಊರಿಗೆ ಊರೇ ಕುಸಿಯಿತು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಇಟ್ಟಿಗೆ, ಗಾಜು, ಧೂಳು ಎಲ್ಲವನ್ನೂ ಮಾರನೆಯ ದಿನ ಗುಡಿಸುವವರು ಯಾರು? ಅದನ್ನು ತೋರಿಸುವುದೇ ಇಲ್ಲ. ನೂರಾರು ಕೋಟಿ ಸುರಿದಿದ್ದಾರಂತೆ, ಒಂದು ಪೊರಕೆಗೆ ದುಡ್ಡು ಮಿಗಲಿಲ್ಲ. ಇಂಟರ್ವಲ್ ಆದ ಮೇಲೆ ಸ್ವಲ್ಪ ಹೊತ್ತು ನಿದ್ದೆ ಹೋದೆ.

ಆರಕ್ಕೆ ಸರಿಯಾಗಿ ಫೋನ್ ಮಾಡಿದೆ.

“ಅವ್ವಾ, ನೀನು ಯಾವಾಗ ಬರ್ತೀಯಾ?” ಎಂದಳು.

“ಅದಿರಲಿ, ಆ ಕೈಯಾಗಿನ ಬೆಂಕಿ ಅವನಿಗೇ ಸುಡಲ್ವೇನೆ?” ಎಂದೆ.

ನಕ್ಕಳು. ಆಮೇಲೆ ಅವನಿಗೆ ಯಾಕೆ ಸುಡುವುದಿಲ್ಲ ಎಂದು ಬಹಳ ಹೊತ್ತು ವಿವರಿಸಿದಳು. ಒಳ್ಳೆಯ ಫೋನು.

ಜನವರಿ 8, ಬುಧವಾರ

ಬರೆಯುವಂಥದ್ದು ಏನೂ ಇಲ್ಲ. ಮಿಲ್ಲು, ರೂಮು, ಅನ್ನ, ಸಾರು. ಮೈಯೆಲ್ಲ ಕಡಲೆಕಾಯಿ ಎಣ್ಣೆಯ ವಾಸನೆ. ಒಬ್ಬಳಿಗೆ ಅಡುಗೆ ಮಾಡುವಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ.

ಜನವರಿ 19, ಭಾನುವಾರ

ಈ ಸಲದ್ದು ನಮ್ಮ ಕಡೆಯ ಸಿನಿಮಾ. ರಾಜರು, ಆನೆಗಳು, ಮೋಡದಲ್ಲಿ ಅರಮನೆ. ಮಹಾರಾಣಿ ಮೈತುಂಬ ಒಡವೆ ಹೇರಿಕೊಂಡು ಮೆಟ್ಟಿಲ ಮೇಲೆ ನಿಂತೇ ಇರುತ್ತಾಳೆ. ಗಂಡ ಯುದ್ಧಕ್ಕೆ ಹೋಗುವಾಗಲೂ ಅಲ್ಲೇ, ಬರುವಾಗಲೂ ಅಲ್ಲೇ. ಅಷ್ಟು ದೊಡ್ಡ ಅರಮನೆಯಲ್ಲಿ ಅವಳಿಗೊಂದು ಕುರ್ಚಿ ಇಲ್ಲ.

ಒಂದು ಕಡೆ ಹುಲ್ಲುಗಾವಲು ಬರುತ್ತದೆ, ಕಣ್ಣು ಹಾಯುವಷ್ಟೂ ಕುರಿ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನಗೆ ಮೋಸ ಗೊತ್ತಾಗಿ ಹೋಯಿತು. ಒಂದೇ ಕುರಿಯನ್ನು ಸಾವಿರ ಸಲ ಮಾಡಿ ಇಟ್ಟಿದ್ದಾರೆ! ಕಂಪ್ಯೂಟರ್ ಕುರಿ. ಎಲ್ಲದಕ್ಕೂ ಬಲಗಿವಿಯ ಕೆಳಗೆ ಒಂದೇ ಕಪ್ಪು ಮಚ್ಚೆ. ನನ್ನ ತವರು ನನ್ನಿವಾಳ. ಅಲ್ಲಿ ನಮ್ಮಪ್ಪ ಹಟ್ಟಿಯ ಅಷ್ಟೂ ಕುರಿಗಳನ್ನು ಮುಖ ನೋಡಿ ಗುರುತು ಹಿಡಿಯುತ್ತಿದ್ದರು. ಅವರನ್ನು ಕರೆದುಕೊಂಡು ಬಂದಿದ್ದರೆ ಎದ್ದು ನಿಂತು ಬೈಯುತ್ತಿದ್ದರು. ಹುಲ್ಲೂ ಅಷ್ಟೇ. ಗಾಳಿ ಬಂದರೆ ಇಡೀ ಬಯಲಿನ ಹುಲ್ಲು ಒಟ್ಟಿಗೇ ಬಾಗುತ್ತದೆ, ಶಾಲೆಯ ಡ್ರಿಲ್ಲಿನ ಹಾಗೆ. ಗಾಳಿ ಎಲ್ಲಿಯಾದರೂ ಹಾಗೆ ಬರುತ್ತದೆಯೇ?

ಆಶಾಳಿಗೆ ಕುರಿಯ ವಿಷಯ ಹೇಳಿದೆ. “ನಾನು ನೋಡೇ ಇಲ್ಲ ಅದನ್ನ” ಎಂದಳು. ಸಿನಿಮಾ ನೋಡಿದ್ದೀಯಲ್ಲ ಎಂದರೆ, “ಕುರಿ ನೋಡಿಲ್ಲ” ಎಂದಳು.

ಇವತ್ತು ಮಾತು ಸ್ವಲ್ಪ ಕಡಿಮೆಯಾಯಿತು. ನನ್ನ ತಪ್ಪೇ ಇರಬೇಕು. ಹುಡುಗರಿಗೆ ಯುದ್ಧ ಬೇಕು, ನಾನು ಕುರಿ ಹಿಡಿದುಕೊಂಡು ಕೂತೆ.

ಜನವರಿ 26, ಭಾನುವಾರ

ಇವತ್ತು ಆದದ್ದನ್ನು ಬರೆಯದೆ ಮಲಗಲಾರೆ.

ಸಿನಿಮಾ ಚೆನ್ನಾಗಿಯೇ ಇತ್ತು. ಒಬ್ಬ ಹುಡುಗ ಗೋಡೆಯೊಳಗಿಂದ ತೂರಿಕೊಂಡು ಆಚೆ ಹೋಗುತ್ತಾನೆ. ಕೊನೆಗೆ ದುಷ್ಟನನ್ನು ಗೋಡೆಯೊಳಗೇ ಸಿಕ್ಕಿಸುತ್ತಾನೆ. ಫೋನಿನಲ್ಲಿ ಹೇಳುತ್ತಾ ಇದ್ದೆ.

“ಅದಾಯ್ತು. ಕೊನೇಲಿ ಬಂದೋನು ಯಾರು ಹೇಳು” ಎಂದಳು.

“ಎಲ್ಲಿ ಬಂದ?”

“ಸಿನಿಮಾ ಮುಗಿದು ಹೆಸರೆಲ್ಲ ಹೋದ ಮ್ಯಾಲೆ ಒಬ್ಬ ಬರ್ತಾನೆ. ಅದೇ ಮೇನು. ಎಲ್ಲಾ ಸಿನಿಮಾದಾಗೂ ಹಂಗೇ ಇರ್ತೈತೆ. ನೀನು ನೋಡಿದ್ರೆ ಗೊತ್ತಿರ್ತಿತ್ತು.”

“ನೋಡಿದೆ ಕಣೆ, ಆಣೆ.”

“ಇಲ್ಲ. ನೀನು ಯಾರನ್ನೋ ಕೇಳ್ಕಂಡು ನಂಗೆ ಹೇಳ್ತೀಯ. ಸುಳ್ಳು.”

ಫೋನ್ ಇಟ್ಟಳು.

ಇಲ್ಲಿ ಚಳ್ಳಕೆರೆಯಲ್ಲಿ ಸಿನಿಮಾ ನೋಡುವ ಪದ್ಧತಿಯೇ ಬೇರೆ. ದುಷ್ಟ ನೆಲಕ್ಕೆ ಬಿದ್ದ ಎಂದರೆ ಮುಗಿಯಿತು. ಅವನ ಪ್ರಾಣ ಹೋಗುವ ತನಕವೂ ಯಾರೂ ಕಾಯುವುದಿಲ್ಲ. ಗೇಟು ತೆಗೆಯುತ್ತಾರೆ, ಬೆಳಕು ಒಳಗೆ ನುಗ್ಗುತ್ತದೆ, ಜನ ಚಪ್ಪಲಿ ಹುಡುಕುತ್ತಾರೆ. ಹಳ್ಳಿಯವರಿಗೆ ಪರಶುರಾಂಪುರದ ಬಸ್ಸು ಹೋಗಿಬಿಡುವ ಆತುರ, ಊರವರಿಗೆ ಸ್ಟ್ಯಾಂಡಿನಿಂದ ಬೈಕು ತೆಗೆಯುವ ಆತುರ. ನಾನಂತೂ ಆರು ಗಂಟೆಯ ಫೋನಿಗೆ ಓಡುತ್ತೇನೆ. ಅವಳ ಜೊತೆ ಮಾತಾಡಬೇಕು ಎಂದು ಓಡಿ ಬಂದದ್ದಕ್ಕೇ ಅವಳು ಮಾತು ಬಿಟ್ಟಳು.

ತುಂಬಾ ಅಳು ಬಂತು. ಅತ್ತೆ.

ಫೆಬ್ರವರಿ 2, ಭಾನುವಾರ

ಅದೇ ಸಿನಿಮಾಕ್ಕೆ ಮತ್ತೆ ಹೋದೆ. ಎಲ್ಲರೂ ಎದ್ದು ಹೋದರು, ನಾನು ಕೂತೇ ಇದ್ದೆ. ಪರದೆಯ ಮೇಲೆ ಹೆಸರುಗಳು ಏರುತ್ತಿದ್ದವು, ಪಟ್ಟನೆ ನಿಂತವು. ಲೈಟು ಹತ್ತಿತು. ಟಾಕೀಸಿನ ಗೇಟು ಕಾಯುವ ಜಂಬುಲಿಂಗಪ್ಪನವರು ಬಂದು ನನ್ನನ್ನು ನೋಡಿ ಗಾಬರಿಯಾದರು. ಮೈ ಹುಷಾರಿಲ್ಲ ಎಂದುಕೊಂಡರೋ ಏನೋ.

“ಏನಮ್ಮಾ, ಸಿನಿಮಾ ಮುಗೀತು.”

“ಇನ್ನೂ ಐತಂತೆ. ಹೆಸರೆಲ್ಲ ಆದ ಮೇಲೆ ಬರ್ತೈತಂತೆ. ಹಾಕಿಸ್ರಿ.”

“ಅಷ್ಟು ಹೆಸರು ಓದಿ ಏನ್ ಮಾಡ್ತೀಯಮ್ಮಾ? ನಿಮ್ಮೋರು ಯಾರಾದ್ರೂ ಅದಾರಾ ಅದ್ರಾಗೆ?”

“ಟಿಕೆಟ್ ತಗಂಡಿಲ್ವಾ ನಾನು? ಪೂರ್ತಿ ತೋರಿಸ್ರಿ.”

ನನ್ನ ದನಿಗೆ ನನಗೇ ಆಶ್ಚರ್ಯವಾಯಿತು. ಮೊಳಕಾಲ್ಮೂರಿನ ಮನೆಯಲ್ಲಿ ಹನ್ನೆರಡು ವರ್ಷ ಸಾರಿಗೆ ಉಪ್ಪು ಸಾಕಾ ಎಂದು ಕೇಳಲೂ ಹಿಂದೆ ಮುಂದೆ ನೋಡುತ್ತಿದ್ದವಳು ನಾನು. ಅವರು ಗೊಣಗಿಕೊಂಡು ಮೇಲೆ ಹೋಗಿ ಆಪರೇಟರಿಗೆ ಹೇಳಿ ಹಾಕಿಸಿದರು. ತಾವೂ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತರು. ಅಷ್ಟು ದೊಡ್ಡ ಹಾಲಿನಲ್ಲಿ ನಾವಿಬ್ಬರೇ. ಹೆಸರುಗಳು ಮುಗಿಯುವ ಲಕ್ಷಣವೇ ಇರಲಿಲ್ಲ. ಕೊನೆಗೆ ಒಬ್ಬ ಮುದುಕ ಕತ್ತಲೆ ಕೋಣೆಯಲ್ಲಿ ಕೂತಿದ್ದಾನೆ, ತಿರುಗುತ್ತಾನೆ, ಅವನ ಕಣ್ಣು ನೀಲಿ. ಅಷ್ಟೇ.

“ಇದಕ್ಕಾ?” ಎಂದರು ಜಂಬುಲಿಂಗಪ್ಪನವರು. ನನಗೂ ಹಾಗೇ ಅನ್ನಿಸಿತ್ತು, ಹೇಳಲಿಲ್ಲ.

ಆರೂ ಕಾಲಿಗೆ ಫೋನ್ ಮಾಡಿ, “ಮುದುಕ. ನೀಲಿ ಕಣ್ಣು” ಎಂದೆ.

“ಎರಡನೇ ಸಲ ಹೋದ್ಯಾ?” ಎಂದಳು.

“ಹ್ಞೂಂ.”

“ಅದಕ್ಕೋಸ್ಕರ?”

“ಹ್ಞೂಂ.”

“ಸರಿ ಅವ್ವ.”

ಸಿಟ್ಟು ಹೋಗಿದೆ. ನನಗೆ ಇಷ್ಟು ಸಾಕು.

ಫೆಬ್ರವರಿ 9, ಭಾನುವಾರ

ಸಿನಿಮಾ ಬದಲಾಗಿಲ್ಲ. ಆದರೂ ಬಟ್ಟೆ ಒಗೆದು ಎರಡೂವರೆಗೆ ತಯಾರಾಗಿ ಕೂತಿದ್ದೆ. ಆಮೇಲೆ ಎಲ್ಲಿಗೆ ಹೊರಟಿದ್ದೇನೆ ಎಂದು ನಗು ಬಂತು. ಫೋನಿನಲ್ಲಿ ಹಳೆಯದನ್ನೇ ಮಾತಾಡಿದೆವು. ಬೇಗ ಮುಗಿಯಿತು.

ಫೆಬ್ರವರಿ 16, ಭಾನುವಾರ

ಈ ಸಲ ಲೋಕ ಉಳಿಸಿದ್ದು ಹೆಂಗಸು!

ನನ್ನ ವಯಸ್ಸಿನವಳೇ ಇರಬೇಕು, ಕಣ್ಣಿನ ಕೆಳಗೆ ಸ್ವಲ್ಪ ಕಪ್ಪು. ಗಾಳಿಯಲ್ಲಿ ಹಾರುತ್ತಾಳೆ, ಒಡೆದ ಅಣೆಕಟ್ಟನ್ನು ಎರಡು ಕೈಯಲ್ಲಿ ಅದುಮಿ ಹಿಡಿಯುತ್ತಾಳೆ. ತಪ್ಪುಗಳು ಬೇಕಾದಷ್ಟಿವೆ. ಅವಳಿಗೆ ಹಸಿವೆ ಆಗುವುದಿಲ್ಲ. ಮನೆ ಬೀಗದ ಕೈಯನ್ನು ಎಲ್ಲಿ ಇಟ್ಟುಕೊಳ್ಳುತ್ತಾಳೋ ಗೊತ್ತಿಲ್ಲ, ಅಂಗಿಗೆ ಜೇಬೇ ಇಲ್ಲ. ಇಂಥ ಸಿನಿಮಾ ತೆಗೆಯುವವರಿಗೆ ಒಂದು ಗೀಳು. ಅಣೆಕಟ್ಟು ಒಡೆದರೆ ಸಾಲದು, ಊರು ಮುಳುಗಬೇಕು. ಊರು ಮುಳುಗಿದರೆ ಸಾಲದು, ಚಂದ್ರ ಎರಡು ಹೋಳಾಗಬೇಕು. ದೊಡ್ಡದಾದಷ್ಟೂ ನಮಗೆ ಏನೂ ಅನ್ನಿಸುವುದಿಲ್ಲ ಎನ್ನುವುದು ಅವರಿಗೆ ತಿಳಿಯುವುದಿಲ್ಲ. ಚಂದ್ರ ಹೋಳಾದಾಗ ನಾನು ಚುರುಮುರಿ ತಿನ್ನುತ್ತಿದ್ದೆ.

ಆದರೆ ಒಂದು ಜಾಗವಿದೆ. ಎಲ್ಲ ಮುಗಿದು ಅವಳು ರೂಮಿಗೆ ಬರುತ್ತಾಳೆ. ಒಂದು ಮಂಚ, ಒಂದು ಒಲೆ. ಶೂ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಾಳೆ. ಯಾರೂ ಇಲ್ಲ. ಹಾಲಿನಲ್ಲಿ ಹುಡುಗರೆಲ್ಲ ಮೊಬೈಲು ತೆಗೆದರು, ಬೋರು ಎಂದರು. ನಾನು ಮಾತ್ರ ಚುರುಮುರಿ ಕೆಳಗಿಟ್ಟು ನೋಡಿದೆ. ಇದನ್ನು ಬರೆದವನಿಗೆ ಏನೋ ಗೊತ್ತಿದೆ.

ಆಶಾಳಿಗೆ ಎಲ್ಲವನ್ನೂ ಹೇಳಿದೆ. ಕಾಲು ಒತ್ತಿಕೊಳ್ಳುವುದನ್ನೂ ಹೇಳಿದೆ.

“ನಿಂಗೂ ಕಾಲು ನೋಯ್ತವಾ ಅವ್ವ?” ಎಂದಳು.

“ನನ್ನ ಕಾಲಿಗೇನಾಗೈತೆ. ಚಂದ್ರ ಹೋಳಾದದ್ದು ಕೇಳು” ಎಂದು ಮುಂದೆ ಹೇಳಿದೆ. ಅವಳು ಹ್ಞೂಂ ಹ್ಞೂಂ ಎನ್ನುತ್ತಿದ್ದಳು.

ಫೆಬ್ರವರಿ 20, ಗುರುವಾರ

ಕೆಲಸ ಬಿಟ್ಟ ಮೇಲೆ ಫಸ್ಟ್ ಶೋಗೆ ಹೋಗಿ ಆ ಹೆಂಗಸಿನ ಸಿನಿಮಾವನ್ನು ಮತ್ತೆ ನೋಡಿ ಬಂದೆ. ಆಶಾ ಏನಾದರೂ ಕೇಳಿದರೆ ಸರಿಯಾಗಿ ಹೇಳಬೇಕಲ್ಲ.

ಮಿಲ್ಲಿನಲ್ಲಿ ನನ್ನ ಪಕ್ಕ ನಿಂತು ಪ್ಯಾಕೆಟ್ ಸೀಲು ಮಾಡುವ ದುರುಗಕ್ಕನಿಗೂ ಕಥೆ ಹೇಳಿದೆ. “ಹಾರೋದು ಬಿಡು, ಅವಳಿಗೆ ಮಕ್ಕಳಿಲ್ವಾ?” ಎಂದಳು. ಸಿನಿಮಾದಲ್ಲಿ ಅದರ ಸುದ್ದಿಯೇ ಇಲ್ಲ. ನಾನು ಪ್ಯಾಕೆಟ್ ಎಣಿಸಿದೆ.

ಫೆಬ್ರವರಿ 23, ಭಾನುವಾರ

ಇವತ್ತು ನಾನೇ ಮಾತಾಡಿದೆ. ಅವಳು, “ಸರಿ ಅವ್ವ, ಓದ್ಕಬೇಕು” ಎಂದಳು. ಪರೀಕ್ಷೆ ಹತ್ತಿರ ಬಂತಲ್ಲ.

ಮಾರ್ಚ್ 2, ಭಾನುವಾರ

ಫೋನು ತೆಗೆಯಲಿಲ್ಲ. ಆರಕ್ಕೆ ಮಾಡಿದೆ, ಆರೂವರೆಗೆ ಮಾಡಿದೆ, ಏಳಕ್ಕೆ ಮಾಡಿದೆ.

ನೋಡಿದ ಸಿನಿಮಾದ ಬಗ್ಗೆ ಬರೆಯಲು ಮನಸ್ಸಿಲ್ಲ.

ಮಾರ್ಚ್ 4, ಮಂಗಳವಾರ

ಮಧ್ಯಾಹ್ನ ಊಟದ ಹೊತ್ತಿಗೆ ತಿಪ್ಪೇರುದ್ರ ಅವರೇ ಫೋನ್ ಮಾಡಿದರು. ಗಂಡನ ದನಿ ಕೇಳಿ ಎಷ್ಟೋ ತಿಂಗಳಾಗಿತ್ತು.

“ನಾನು” ಎಂದರು. ಆಮೇಲೆ ಸುಮ್ಮನಾದರು. ಅವರು ಯಾವಾಗಲೂ ಹೀಗೇ. ಅಂಗಡಿಯಲ್ಲಿ ಸುಟ್ಟ ಮೋಟಾರಿನ ಮುಂದೆ ಇಡೀ ದಿನ ಕೂತು ವೈಂಡಿಂಗ್ ಮಾಡುತ್ತಾರೆ, ಮನುಷ್ಯರ ಮುಂದೆ ಐದು ನಿಮಿಷ ಕೂರಲಾರರು.

“ಹೇಳ್ರಿ” ಎಂದೆ.

“ಹುಡುಗಿಗೆ ಅಮ್ಮ ಎದ್ದೈತೆ. ಮೈಯೆಲ್ಲ ನೀರುಗುಳ್ಳೆ. ಶನಿವಾರದಿಂದ ಜ್ವರ. ಡಾಕ್ಟ್ರು ಹೆದರಂಗಿಲ್ಲ ಅಂದವರೆ. ನಂಗೆ ಚಿಕ್ಕೋನಿದ್ದಾಗ ಆಗಿಲ್ಲ, ಹತ್ರ ಹೋಗಬ್ಯಾಡ ಅಂತಾರೆ. ಅವ್ವಂಗೆ ಮಡಿ, ಪೂಜೆ, ಅಡುಗೆ. ನಿಂಗೆ ಚಿಕ್ಕೋಳಿದ್ದಾಗ ಆಗಿತ್ತಲ್ಲ.”

“ಹ್ಞೂಂ. ಆಗಿತ್ತು.”

“ಬರ್ತೀಯಾ?”

ಊಟದ ಡಬ್ಬಿ ಮುಚ್ಚಿ, ದುರುಗಕ್ಕನಿಗೆ ಹೇಳಿ ಬಂದೆ. ಬ್ಯಾಗಿಗೆ ಬಟ್ಟೆ ತುಂಬುತ್ತಾ ಇದನ್ನು ಬರೆಯುತ್ತಿದ್ದೇನೆ. ಮಗಳಿಗೆ ಹುಷಾರಿಲ್ಲ ಎಂದು ಭಯ. ಕರೆದರಲ್ಲ ಎಂದು ಸಂತೋಷವೂ ಇದೆ. ಇಂಥ ಹೊತ್ತಿನಲ್ಲಿ ಸಂತೋಷವಾಗುತ್ತದೆ, ಎಂಥ ತಾಯಿಯೋ ನಾನು.

ಮಾರ್ಚ್ 5, ಬುಧವಾರ
ಮೊಳಕಾಲ್ಮೂರು

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾರೆ. ಅತ್ತೆ ಸೂರಮ್ಮ ಹೊಸ್ತಿಲಲ್ಲೇ ನಿಲ್ಲಿಸಿ ಕಾಲಿಗೆ ನೀರು ಕೊಟ್ಟರು. ನನ್ನ ಮುಖ ನೋಡಲಿಲ್ಲ. ಒಂದೂವರೆ ವರ್ಷದ ಸಿಟ್ಟು, ಇರಲಿ.

ಆಶಾ ಒಳಕೋಣೆಯಲ್ಲಿ ಬೇವಿನ ಎಲೆ ಹಾಸಿದ ಬಿಳಿ ಬಟ್ಟೆಯ ಮೇಲೆ ಮಲಗಿದ್ದಳು. ಮುಖದಲ್ಲಿ ಗುಳ್ಳೆ ಇಲ್ಲದ ಜಾಗವಿಲ್ಲ. ಎಷ್ಟು ಉದ್ದವಾಗಿಬಿಟ್ಟಿದ್ದಾಳೆ! ಕಾಲು ಚಾಪೆಯಿಂದ ಆಚೆ ಬರುತ್ತದೆ. ಫೋನಿನಲ್ಲಿ ದನಿ ಮಾತ್ರ ಕೇಳುತ್ತಿದ್ದೆ, ದನಿಯಲ್ಲಿ ಅವಳು ಉದ್ದವಾದದ್ದು ಗೊತ್ತಾಗಿರಲಿಲ್ಲ.

“ಬಂದ್ಯಾ” ಎಂದಳು.

“ಬಂದೆ.”

ಕಣ್ಣು ಮುಚ್ಚಿಕೊಂಡಳು. ಟಿ.ವಿ. ಕೂಡದು, ಮೊಬೈಲು ಕೂಡದು. ಕಣ್ಣಿಗೆ ತೊಂದರೆ ಎಂದು ಅತ್ತೆಯ ಕಟ್ಟಪ್ಪಣೆ. ಬೇವಿನ ಎಳೆ ಕೊಂಬೆಯಿಂದ ಮೈ ಸವರುತ್ತಾ ಕೂತೆ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ದೊಡ್ಡ ತಪ್ಪು ಮಾಡಿಬಿಟ್ಟೆ.

ಅತ್ತೆ ಹಿತ್ತಲಲ್ಲಿ ನೀರು ಸೇದುತ್ತಿದ್ದರು. ಅವರಿಗೆ ಸ್ವಲ್ಪ ಸಹಾಯವಾಗಲಿ ಎಂದು ಅಡುಗೆಮನೆಗೆ ಹೋದೆ. ಬೇಳೆ ಬೆಂದಿತ್ತು. ಒಬ್ಬಳೇ ಬೇಯಿಸಿಕೊಂಡು ತಿನ್ನುವ ಅಭ್ಯಾಸದಲ್ಲಿ ಕೈ ತಾನಾಗಿ ಎಣ್ಣೆ ಇಟ್ಟಿತು, ಸಾಸಿವೆ ಹಾಕಿತು. ಮನೆಯಲ್ಲಿ ಅಮ್ಮ ಇರುವಾಗ ಒಗ್ಗರಣೆ ಹಾಕುವುದುಂಟೇ! ಸಾಸಿವೆ ಚಟಪಟ ಅಂದದ್ದೇ ತಡ, ಅತ್ತೆ ಕೊಡ ಅಲ್ಲೇ ಬಿಟ್ಟು ಓಡಿ ಬಂದರು.

“ಅಯ್ಯಯ್ಯೋ! ಮೈಯಾಗೆ ಉರಿ ಇಟ್ಕಂಡು ಮಲಗೈತೆ ಕೂಸು, ನೀನು ಎಣ್ಣೆ ಕಾಸ್ತೀಯಾ!”

ಒಲೆ ಆರಿಸಿ, ಬಾಣಲೆಯನ್ನು ಹೊರಗೆ ಇಟ್ಟು, ತಣ್ಣನೆ ಮೊಸರನ್ನ ಕಲಸಿ ಬೇವಿನ ಗಿಡದ ಬುಡಕ್ಕೆ ಇಟ್ಟು ಕೈ ಮುಗಿದರು. ನನ್ನನ್ನು ಈಗಲೇ ವಾಪಸ್ಸು ಕಳಿಸುತ್ತಾರೆ ಎಂದುಕೊಂಡೆ. ಬ್ಯಾಗು ಎಲ್ಲಿದೆ ಎಂದು ಕಣ್ಣು ಹುಡುಕಿತು.

“ನೀನು ಅಡುಗೆಮನೀಗೆ ಬರಬ್ಯಾಡ” ಎಂದರು ಅತ್ತೆ. “ಮಗಳ ತಾವ ಕೂತ್ಕ. ಅಷ್ಟೇ ನಿನ್ನ ಕೆಲಸ.”

ಮದುವೆಯಾದ ಮೇಲೆ ಈ ಮನೆಯಲ್ಲಿ ಯಾರೂ ನನಗೆ ಸುಮ್ಮನೆ ಕೂರಲು ಹೇಳಿರಲಿಲ್ಲ.

ಮಾರ್ಚ್ 8, ಶನಿವಾರ

ಜ್ವರ ಇಳಿದಿದೆ. ಈಗ ತುರಿಕೆ, ಬೇಜಾರು. ಕೆರೆದುಕೊಳ್ಳದ ಹಾಗೆ ಅವಳ ಕೈ ಹಿಡಿದುಕೊಂಡು ಸಿನಿಮಾ ಕಥೆ ಶುರು ಮಾಡಿದೆ. ಹೋದ ಭಾನುವಾರ ನೋಡಿದ್ದು. ಸಮುದ್ರದ ಕೆಳಗಿನ ರಾಜ್ಯ, ಶಂಖ ಊದಿದರೆ ಏಳುವ ಸತ್ತ ಸೈನಿಕರು, ಎರಡು ತಲೆಯ ಮೀನು. ಚೆನ್ನಾಗಿಯೇ ಹೇಳಿದೆ ಎಂದು ನನ್ನ ಅನಿಸಿಕೆ. ಬೈಯುವ ಕಡೆ ಬೈದೆ. ನೀರಿನ ಕೆಳಗೆ ದೀಪ ಹೇಗೆ ಉರಿಯುತ್ತದೆ, ರಾಣಿಯ ಕುಂಕುಮ ಯಾಕೆ ಕರಗುವುದಿಲ್ಲ, ಎಲ್ಲವನ್ನೂ ಕೇಳಿದೆ. ಆಶಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಇನ್ನೇನು ಶಂಖ ಒಡೆಯಬೇಕು, ಆಗ ಗಂಟಲು ಒಣಗಿ ನಿಲ್ಲಿಸಿದೆ.

“ತರ್ವಾತ?” ಎಂದು ಬಾಗಿಲ ಆಚೆಯಿಂದ ದನಿ ಬಂತು.

ಆಮೇಲೆ ಏನಾಯಿತು ಎಂದು ಕೇಳಿದ್ದು ಅತ್ತೆ! ಗಡಿಯ ಆಚೆಯ ತವರು ಅವರದು. ಮೈಮರೆತಾಗ ತೆಲುಗು ಬರುತ್ತದೆ. ಬೇವಿನ ಎಲೆ ಬಿಡಿಸುತ್ತಾ ಹೊಸ್ತಿಲ ಆಚೆ ಎಷ್ಟು ಹೊತ್ತಿನಿಂದ ಕೂತಿದ್ದರೋ. ನಾನು ಬೆರಗಾಗಿ ಬಾಗಿಲನ್ನೇ ನೋಡಿದೆ. ಅವರಿಗೂ ನಾಚಿಕೆಯಾಗಿರಬೇಕು, “ಹೇಳಾದ್ರೆ ಹೇಳು, ಇಲ್ಲಾಂದ್ರೆ ಬಿಡು” ಎಂದು ಗದರಿದರು.

ಹೇಳಿ ಮುಗಿಸಿದೆ. ಶಂಖ ಒಡೆಯಿತು, ಸೈನಿಕರು ಮತ್ತೆ ಮಲಗಿದರು. ಅತ್ತೆ, “ಪಾಪ, ಮಲಗ್ಲಿ ಬಿಡು. ಎಬ್ಬಿಸಿದ್ದೇ ತಪ್ಪು” ಎಂದು ಎದ್ದು ಹೋದರು. ನಾನು ಕೇಳಿದ ಅಭಿಪ್ರಾಯಗಳಲ್ಲಿ ಇದೇ ಸರಿಯಾದದ್ದು.

ಆಮೇಲೆ ಆಶಾ ಗೋಡೆಗೇ ಮುಖ ಮಾಡಿಕೊಂಡು, “ಅವ್ವಾ, ನೀನು ಅಲ್ಲಿ ಎಲ್ಲಿ ಮಲಗ್ತೀಯ?” ಎಂದಳು.

“ಎಲ್ಲಿ ಅಂದ್ರೆ? ರೂಮ್ನಾಗೆ.”

“ಮಂಚ ಐತಾ?”

“ಇಲ್ಲ. ಚಾಪೆ.”

“ಕಿಟಕಿ ಐತಾ? ಯಾವ ಕಡೆ?”

“ಐತೆ. ತೆಗೆದ್ರೆ ಪಕ್ಕದ ಮನೆ ಗೋಡೆ.”

“ಸಿನಿಮಾಕ್ಕೆ ಯಾರ ಜೊತೆ ಹೋಗ್ತೀಯ?”

“ಒಬ್ಬಳೇ.”

ಅವಳು ತಿರುಗಿದಳು. “ನಂಗೆ ಆ ಹೊಡೆದಾಟದ ಸಿನಿಮಾ ಸಾಕಾಗಿ ಎಷ್ಟೋ ದಿನ ಆತು ಅವ್ವ. ಅಪ್ಪ ಕರೀತಾರೆ, ಹೋಗ್ತೀನಿ. ನೀನು ಅದನ್ನೇ ಕೇಳ್ತೀಯ ಅಂತ ನೋಡ್ತೀನಿ. ಬ್ಯಾರೆ ಏನು ಕೇಳಿದ್ರೂ ನೀನು ಸಿನಿಮಾಕ್ಕೆ ಹೋಗ್ಬಿಡ್ತಿದ್ದೆ.”

ನನಗೆ ಅವಮಾನವಾದ ಹಾಗೂ ಆಯಿತು, ಯಾರೋ ತಬ್ಬಿಕೊಂಡ ಹಾಗೂ ಆಯಿತು. ಅವಳ ಕೈ ಬಿಟ್ಟಿದ್ದೆ. ಅಷ್ಟರಲ್ಲಿ ಮೊಣಕೈ ಕೆರೆದುಕೊಂಡುಬಿಟ್ಟಳು.

ಮಾರ್ಚ್ 13, ಗುರುವಾರ

ಇವತ್ತು ಬೇವು, ಅರಿಶಿನದ ನೀರಿನಲ್ಲಿ ಕೊನೆಯ ಸ್ನಾನವಾಯಿತು. ಐದು ದಿನದಿಂದ ರೂಮಿನ ವಿಷಯ, ಮಿಲ್ಲಿನ ವಿಷಯ, ದುರುಗಕ್ಕನ ವಿಷಯ ಕೇಳಿ ಕೇಳಿ ಖಾಲಿ ಮಾಡಿದಳು. ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ನಾನೂ ಕಾಯುತ್ತಿದ್ದೆ, ಕೇಳದೆ ಇರಲಿ ಎಂದು.

ಬಸ್ ಸ್ಟ್ಯಾಂಡಿಗೆ ತಿಪ್ಪೇರುದ್ರ ಅವರೇ ಬೈಕಿನಲ್ಲಿ ಬಿಟ್ಟರು. ಬಸ್ಸು ಬರುವ ತನಕ ಬೈಕಿನ ಕೀಲಿ ತಿರುಗಿಸುತ್ತಾ ನಿಂತಿದ್ದರು. ಹೊರಡುವಾಗ, “ಅವಳು ಹೊತ್ತು ಗೊತ್ತು ಇಲ್ದೆ ಫೋನ್ ಮಾಡಿದ್ರೆ ಮಾಡ್ಲಿ. ನಾನು ಬ್ಯಾಡ ಅನ್ನಲ್ಲ” ಎಂದರು. ಅವರ ಲೆಕ್ಕದಲ್ಲಿ ಇದು ದೊಡ್ಡ ಭಾಷಣ. ನನಗೆ ಅವರ ಮೇಲೆ ಕನಿಕರ ಬಂತು. ಆದರೆ ಬಸ್ಸು ಹತ್ತುವಾಗ ಕಾಲು ಹಿಂದೆ ಎಳೆಯಲಿಲ್ಲ.

ಮಾರ್ಚ್ 23, ಭಾನುವಾರ
ಚಳ್ಳಕೆರೆ

ಪರೀಕ್ಷೆ ನಡೆದಿದೆ. ಆರಕ್ಕೆ ಮಾತಾಡಿದೆವು. ಮುಖದ ಕಲೆ ಹೋಗುತ್ತದಾ ಎಂದು ಕೇಳಿದಳು. ಹೋಗುತ್ತದೆ, ನನ್ನದೂ ಹೋಯಿತು, ಗಲ್ಲದ ಹತ್ತಿರ ಒಂದು ಮಾತ್ರ ಉಳಿದಿದೆ ಎಂದೆ. ಸಿನಿಮಾದ ಮಾತು ಬರಲಿಲ್ಲ. ಮಾತು ಹುಡುಕಿಕೊಂಡು ಇಬ್ಬರೂ ಸುಮಾರು ಹೊತ್ತು ಸುಮ್ಮನಿದ್ದೆವು. ಫೋನು ಮಾತ್ರ ಇಡಲಿಲ್ಲ.

ರಾತ್ರಿಗೆ ಬಿಸಿಬಿಸಿ ಒಗ್ಗರಣೆ ಅನ್ನ.

ಏಪ್ರಿಲ್ 14, ಸೋಮವಾರ

ಮಿಲ್ಲಿಗೆ ರಜೆ. ಹೊಸ ಸಿನಿಮಾ ಬಂದಿತ್ತು, ಹೋದೆ. ಯಾರಿಗೂ ಹೇಳಬೇಕಾಗಿರಲಿಲ್ಲ, ಸುಮ್ಮನೆ ಹೋದೆ. ಆಕಾಶದ ಆಚೆಯ ಒಂದು ಲೋಕ, ಅಲ್ಲಿಯ ಸೂರ್ಯನನ್ನು ಒಬ್ಬ ನುಂಗಲು ಹೊರಟಿದ್ದಾನೆ. ನುಂಗುವವನ ಪಾತ್ರ ಚೆನ್ನಾಗಿದೆ. ಅವನಿಗೆ ಚಳಿಯಂತೆ, ಹುಟ್ಟಿದಾಗಿನಿಂದ ಚಳಿ, ಅದಕ್ಕೇ ಸೂರ್ಯ ಬೇಕು. ಗೆಲ್ಲಬೇಕಾದವನಿಗಿಂತ ಇವನ ಮೇಲೇ ನನಗೆ ಮನಸ್ಸಾಯಿತು. ಸೂರ್ಯ ಇನ್ನೇನು ಅವನ ಬಾಯಿಗೆ ಬಂತು ಎನ್ನುವಾಗ ಮಡಿಲಲ್ಲಿದ್ದ ಫೋನು ನಡುಗಿತು. ಮೊಳಕಾಲ್ಮೂರು.

ಸೋಮವಾರ, ಸಂಜೆ ಐದು ಗಂಟೆ. ಜನರ ಕಾಲು ತುಳಿಯುತ್ತಾ ಹೊರಗೆ ಓಡಿ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತೆ.

ಆಶಾ ಅಳುತ್ತಿದ್ದಳು. ಅದು ಸಿಟ್ಟಿನ ಅಳು. ಪಕ್ಕದ ಮನೆಗೆ ಬಂದಿದ್ದ ಯಾರೋ ನೆಂಟರ ಹೆಂಗಸು ಅವಳ ಮುಖದ ಕಲೆ ನೋಡಿ, ಅವ್ವ ಬಿಟ್ಟೋದ ಹುಡುಗಿ ಪಾಪ, ನೋಡಿಕೊಳ್ಳುವವರಿಲ್ಲ ಎಂದಳಂತೆ.

“ನೀನು ಯಾಕೆ ಬಿಟ್ಟೋದೆ?” ಎಂದು ಕಿರುಚಿದಳು. “ಸರಿಯಾಗಿ ಹೇಳು. ಸಿನಿಮಾ ಗಿನಿಮಾ ಹೇಳಬ್ಯಾಡ.”

ಬಿಸಿಲಿಗೆ ಬೈಕಿನ ಸೀಟುಗಳು ಕಾದಿದ್ದವು. ಒಂದರ ಮೇಲೆ ಕೈ ಇಟ್ಟೆ, ಸುಟ್ಟಿತು, ತೆಗೆಯಲಿಲ್ಲ.

“ಆ ಮನೇಲಿ ನಾನು ಮಾತಾಡಿದ್ರೆ ಯಾರೂ ತಿರುಗಿ ಮಾತಾಡ್ತಿರ್ಲಿಲ್ಲ ಆಶಾ” ಎಂದೆ. “ನಿಮ್ಮಪ್ಪ ಕೆಟ್ಟೋರಲ್ಲ. ಬೈತಿರ್ಲಿಲ್ಲ, ಹೊಡೀತಿರ್ಲಿಲ್ಲ. ಬೆಳಿಗ್ಗೆಯಿಂದ ರಾತ್ರಿ ತನಕ ಒಂದು ಮಾತೂ ಇಲ್ಲ. ಕೆಲಸಕ್ಕೆ ಹೋಗ್ತೀನಿ ಅಂದೆ, ಅದಕ್ಕೂ ಮಾತಿಲ್ಲ. ಹಿಂಗೇ ಇದ್ರೆ ನಂಗೆ ಹುಚ್ಚು ಹಿಡೀತೈತೆ ಅನ್ನಿಸ್ತು. ಮನೆ ತುಂಬ ಜನ ಇದ್ದೂ ಒಬ್ಬಳೇ ಇದ್ದೆ ಕಣೆ.”

“ನಾನಿದ್ನಲ್ಲ” ಎಂದಳು.

ಒಳಗೆ ಜನ ಹೋ ಎಂದು ಕೂಗಿದರು, ಗೇಟು ತೆಗೆದ ಸದ್ದಾಯಿತು, ಎಲ್ಲರೂ ಬಂದು ನನ್ನ ಸುತ್ತ ಬೈಕು ತೆಗೆಯತೊಡಗಿದರು. ಆ ಲೋಕದ ಗತಿ ಏನಾಯಿತೋ ನನಗೆ ಗೊತ್ತಿಲ್ಲ, ಯಾರನ್ನೂ ಕೇಳಲಿಲ್ಲ.

“ಹೌದು” ಎಂದೆ. “ನೀನಿದ್ದೆ.”

ಅವಳು ಬಿಕ್ಕುತ್ತಿದ್ದಳು. ನಾನೂ ಅಳುತ್ತಿದ್ದೆ, ಮುಚ್ಚಿಡಲಿಲ್ಲ, ಮಾತು ತಿರುಗಿಸಲೂ ಇಲ್ಲ. ಒಬ್ಬ ಹುಡುಗ ಹಾರ್ನು ಹೊಡೆದು, ಜರುಗಿ ಅಕ್ಕಾ ಎಂದ. ಜರುಗಿದೆ.

“ನಂಗಿನ್ನೂ ಸಿಟ್ಟೈತೆ” ಎಂದಳು ಕೊನೆಗೆ.

“ಇರಲಿ.”

“ಇನ್ನೂ ಬೈಯೋದೈತೆ. ಈಗ ಅಜ್ಜಿ ಬಂತು. ನಾಳೆ ಮಾಡ್ತೀನಿ.”

“ಮಾಡು” ಎಂದೆ.

ನಾಳೆ ಮಂಗಳವಾರ. ಈ ಒಂದೂವರೆ ವರ್ಷದಲ್ಲಿ ಅವಳು ಮಂಗಳವಾರ ಒಂದು ಸಲವೂ ಫೋನ್ ಮಾಡಿದವಳಲ್ಲ.